ರಿಕ್ತಪೀಠ ವಿಚಾರ: ಸವಣೂರು ಸೀಮೆಯ ಒಂದು ಅಭಾವದ ತಾರ್ಕಿಕ ಪರಿಶೀಲನೆ

ಕುರ್ಚಿ ಎಂಬುದು ದ್ರವ್ಯ. ಅದರ ಮೇಲೆ ಯಾರೂ ಇಲ್ಲ ಎಂಬುದು ಅಭಾವ. ದ್ರವ್ಯದ ವಿಚಾರವನ್ನು ಟೆಂಡರು ಕರೆಯುವವರು ಸಾಕಷ್ಟು ವಿಸ್ತರಿಸಿರುವ ಕಾರಣ ಈ ಪ್ರಬಂಧ ಅಭಾವಕ್ಕಷ್ಟೇ ಸೀಮಿತ. ಅಧ್ಯಯನದ ಕ್ಷೇತ್ರ ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯ ಸವಣೂರು. ನವಾಬರು ಆಳಿದ ಹಾವೇರಿ ಜಿಲ್ಲೆಯ ಸವಣೂರಲ್ಲ; ಆದರೆ ಪ್ರಸ್ತುತ ಅಭಾವ ಅಲ್ಲಿಯೂ ಇಷ್ಟೇ ದಷ್ಟಪುಷ್ಟವಾಗಿರುವುದರಿಂದ ಅಂಚೆಯವರು ತಪ್ಪಿ ಈ ಪ್ರತಿಯನ್ನು ಅಲ್ಲಿಗೆ ಮುಟ್ಟಿಸಿದರೂ ಬಾಧಕವಿಲ್ಲ.

ಇನ್ನು ಸಂಗತಿ. ಗ್ರಾಮ ಪಂಚಾಯತ್, ಅದರ ಮೇಲೆ ತಾಲೂಕು ಪಂಚಾಯತ್, ಅದಕ್ಕೂ ಮೇಲೆ ಮಂಗಳೂರಿನಲ್ಲಿ ಜಿಲ್ಲಾ ಪಂಚಾಯತ್. ಶಾಲೆಯ ಮಾಡು ಸೋರಿದರೆ, ನೀರಿನ ಯೋಜನೆ ಅರ್ಧಕ್ಕೆ ನಿಂತರೆ ಅಧಿಕಾರಿಗಳನ್ನು ಎದುರು ಕೂರಿಸಿ ಲೆಕ್ಕ ಕೇಳಬೇಕಾದವರು ಮೇಲಿನ ಎರಡು ಹಂತಗಳ ಸದಸ್ಯರು. ಅವರನ್ನು ಜನ ಆರಿಸಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದು ಕುಳಿತರು. ಆ ಮತ ಹಾಕಿದಾಗ ಸವಣೂರು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬದಲ್ಲಿದೆ. ಊರಿಗೆ ತಾಲೂಕೇ ಬದಲಾಯಿತು, ಅವಧಿ ಮುಗಿಯುವುದರೊಳಗೆ ಬರಬೇಕಿದ್ದ ಚುನಾವಣೆ ಮಾತ್ರ ಬರಲಿಲ್ಲ.

ಮೊದಲ ಪ್ರಶ್ನೆ: ಸದಸ್ಯರಿಲ್ಲ ಎಂದು ನಮಗೆ ತಿಳಿದದ್ದಾದರೂ ಹೇಗೆ? ಭಾಟ್ಟ ಮೀಮಾಂಸಕರು ಇದಕ್ಕೆ ಅನುಪಲಬ್ಧಿ ಎಂಬ ಪ್ರಮಾಣವನ್ನೇ ಇಟ್ಟಿದ್ದಾರೆ. ನೆಲದ ಮೇಲೆ ಘಟವಿದ್ದಿದ್ದರೆ ಕಾಣುತ್ತಿತ್ತು, ಕಾಣುತ್ತಿಲ್ಲ, ಆದ್ದರಿಂದ ಘಟವಿಲ್ಲ. ಇದನ್ನು ಸದಸ್ಯರಿಗೆ ಹೊಂದಿಸಲು ಹೋದಾಗ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಹಿರಿಯ ತಾರ್ಕಿಕರೊಬ್ಬರು ಆಕ್ಷೇಪ ಎತ್ತಿದರು: "ಅಲ್ಲ ಮಾರಾಯ್ರೆ, ಅವಧಿ ಇದ್ದಾಗಲಾದರೂ ಕಂಡದ್ದುಂಟಾ? ಇದ್ದಾಗಲೂ ಕಾಣದ್ದು ಈಗ ಕಾಣದಿದ್ದರೆ ಅದು ಹೇಗೆ ಪ್ರಮಾಣ ಆಗ್ತದೆ?"

ಈ ಆಕ್ಷೇಪ ಲಘುವಲ್ಲ. ಆ ಮೀಮಾಂಸಕರ ಗುರು ಕುಮಾರಿಲ ಭಟ್ಟರಿಗೂ ಬೆವರಿಳಿಯುತ್ತಿತ್ತು. ಆದರೆ ಪರಿಹಾರವುಂಟು. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಬಿಡಿಸಿ ನೋಡಬೇಕು. ಗೌರವ ಉಪಸ್ಥಿತಿಯ ಪಟ್ಟಿಯಲ್ಲಿ ಹಿಂದೆ 'ಜಿಲ್ಲಾ ಪಂಚಾಯತ್ ಸದಸ್ಯರು' ಎಂದಿದ್ದ ಕಡೆ ಈಗ 'ಮಾಜಿ' ಸೇರಿದೆ. ಆಮಂತ್ರಣ ಪತ್ರಿಕೆ ನಮ್ಮ ಸೀಮೆಯಲ್ಲಿ ಶಾಸನಕ್ಕೆ ಸಮಾನ. ಅದರ ಮುಂದೆ ಬೇರೆ ಪ್ರಮಾಣ ಬೇಡ.

ಎರಡನೆಯ ಪ್ರಶ್ನೆ, ಇದೇ ಈ ಪ್ರಬಂಧದ ಹೃದಯ: ಇದು ಯಾವ ಜಾತಿಯ ಅಭಾವ? ನೈಯಾಯಿಕರು ಹೇಳುವ ನಾಲ್ಕರಲ್ಲಿ ನಮಗೆ ಬೇಕಾದ್ದು ಎರಡು. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಘಟ ಹುಟ್ಟಿದೊಡನೆ ಮುಗಿಯುತ್ತದೆ. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ.

ಪೂರ್ವಪಕ್ಷ ಸರ್ಕಾರದ್ದು. ಇದು ಪ್ರಾಗಭಾವ, ಚುನಾವಣೆ ಇನ್ನೇನು ಹುಟ್ಟಲಿದೆ, ಗರ್ಭಲಕ್ಷಣಗಳೂ ಕಂಡಿವೆ ಎಂಬುದು ಅವರ ವಾದ. ಲಕ್ಷಣಗಳು ಇಂತಿವೆ. ಚುನಾವಣಾ ಆಯೋಗ ಕ್ಷೇತ್ರ ಗುರುತಿಸುವ ಕೆಲಸ ಮಾಡಿದ್ದ 2021ರಲ್ಲೇ ಕಾಯ್ದೆ ತಿದ್ದಿ ಆ ಅಧಿಕಾರವನ್ನು ಹೊಸ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಗಾಗಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಕುಳಿತು 2022ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಆಳುವ ಪಕ್ಷವೂ ಬದಲಾಯಿತು. ಇಷ್ಟು ಸೀಮಂತ ಮಾಡಿಸಿಕೊಂಡ ಗರ್ಭ ಹೆರದೆ ಇದ್ದೀತೇ?

ಉತ್ತರಪಕ್ಷ: ಪ್ರಾಗಭಾವಕ್ಕೆ ಆದಿ ಇರಕೂಡದು. ಇದಕ್ಕೆ ಆದಿ ಸ್ಪಷ್ಟವಾಗಿದೆ, ಇಸವಿ ಸಮೇತ. ಆದ್ದರಿಂದ ಇದು ಪ್ರಧ್ವಂಸಾಭಾವ.

ಪೂರ್ವಪಕ್ಷಿ ಸುಮ್ಮನಿರುವುದಿಲ್ಲ; ಇತಿಹಾಸ ತೆಗೆಯುತ್ತಾನೆ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಆರಿಸಿ ಬಂದ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದು ಕುರ್ಚಿಗಳು ಹೀಗೆಯೇ ಖಾಲಿಯಾಗಿದ್ದವು. ಜಿಲ್ಲಾ ಪಂಚಾಯತ್ ಚುನಾವಣೆ ಬಂದದ್ದು 1995ರಲ್ಲಿ. ಆದಿಯಿದ್ದೂ ಅಂತ್ಯ ಕಂಡಿತಲ್ಲ? ಕಂಡಿತು ನಿಜ. ಆದರೆ ಆ ನಡುವೆ ಸಂವಿಧಾನಕ್ಕೇ 73ನೇ ತಿದ್ದುಪಡಿ ಆಗಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು 243ಇ ವಿಧಿ ಅಂದಿನಿಂದ ಹೇಳುತ್ತಲೇ ಇದೆ. ಇನ್ನು ತಿದ್ದಲು ಉಳಿದಿರುವುದು ಪಂಚಾಂಗ ಮಾತ್ರ.

ಚೋಳರ ಉತ್ತರಮೇರೂರಿನಲ್ಲಿ ಹತ್ತನೇ ಶತಮಾನದಲ್ಲೇ ಖಾಲಿ ಕುರ್ಚಿಯ ಈ ಪೀಡೆಗೆ ಮದ್ದು ಕಂಡುಕೊಂಡಿದ್ದರು. ತಾಳೆಗರಿಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಚಿಕ್ಕ ಹುಡುಗನ ಕೈಯಿಂದ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಹಾಕುವಂತಿರಲಿಲ್ಲ, ಅವನ ನೆಂಟರದ್ದೂ ಇಲ್ಲ. ಕಡಬದಲ್ಲಿ ಇದನ್ನು ಜಾರಿಗೆ ತರಲು ತೊಡಕು ಒಂದೇ: ಮಡಕೆ ಯಾವ ಪ್ರವರ್ಗಕ್ಕೆ ಮೀಸಲು ಎಂದು ತೀರ್ಮಾನವಾಗುವಷ್ಟರಲ್ಲಿ ಆ ಹುಡುಗನಿಗೆ ಮತದಾನದ ವಯಸ್ಸಾಗುತ್ತದೆ.

ಆ ನಾಲ್ಕರಲ್ಲೇ ಇನ್ನೊಂದಾದ ಅನ್ಯೋನ್ಯಾಭಾವವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಘಟವು ಪಟವಲ್ಲ; ಆಡಳಿತಾಧಿಕಾರಿ ಸದಸ್ಯನಲ್ಲ. ತಾನೇ ಬರೆದ ಲೆಕ್ಕವನ್ನು ತಾನೇ ಕೇಳಿ, ತಾನೇ ಒಪ್ಪಿಕೊಂಡರೆ ಅದನ್ನು ಉಸ್ತುವಾರಿ ಎನ್ನಲು ಯಾವ ದರ್ಶನದಲ್ಲೂ ಆಧಾರವಿಲ್ಲ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ಹೋಗಿ, ಜಿಲ್ಲಾ ಪಂಚಾಯತ್ ಚುನಾವಣೆ ಯಾವಾಗ ಎಂದು ಕೇಳಿ. ಉತ್ತರ ಸಿಗದಿದ್ದರೆ, ಪ್ರಶ್ನೆ ಕೇಳಲಾಯಿತು ಎಂಬುದನ್ನಾದರೂ ನಡಾವಳಿಯಲ್ಲಿ ಬರೆಸಿ ಬನ್ನಿ.