ಮುಸುಕಿನ ಮೀಮಾಂಸೆ: ಸಂಹಿತಾಕಾಲದಲ್ಲಿ ಸರ್ಕಾರಿ ಮಾಹಿತಿಯ ಸ್ವರೂಪ ವಿಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ, ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಸೀಮೆಯಲ್ಲಿ ವರ್ಷವನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಪ್ರಾಚೀನವೇ ಆದರೂ ಅಪೂರ್ಣವೆಂಬುದನ್ನು ಇಲ್ಲಿನ ಕಚೇರಿಗಳ ಕಟ್ಟೆಯ ಮೇಲೆ ಅರ್ಜಿ ಹಿಡಿದು ಕುಳಿತವರೆಲ್ಲ ಬಲ್ಲರು. ನಾಲ್ಕನೆಯ ಕಾಲವೊಂದಿದ್ದು, ಅದನ್ನು ಪ್ರಸ್ತುತ ಪ್ರಬಂಧದಲ್ಲಿ ‘ಸಂಹಿತಾಕಾಲ’ ಎಂದು ಕರೆಯಲಾಗಿದೆ. ಚುನಾವಣಾ ಆಯೋಗವು ವೇಳಾಪಟ್ಟಿಯನ್ನು ಪ್ರಕಟಿಸಿದ ಗಳಿಗೆಯಿಂದ ಚುನಾವಣಾ ಪ್ರಕ್ರಿಯೆ ಮುಗಿಯುವವರೆಗೆ ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವ ಅವಧಿ ಎಂಬುದು ಇದರ ಲಕ್ಷಣ. 2023ರಲ್ಲಿ ಇದು ಮಾರ್ಚ್ 29ರಂದೂ 2024ರಲ್ಲಿ ಮಾರ್ಚ್ 16ರಂದೂ ಪ್ರವೇಶಿಸಿತು. ಎರಡನೆಯ ಸಲ ಹನ್ನೊಂದು ವಾರಗಳಿಗೂ ಮಿಕ್ಕಿ ನಿಂತಿತು. ಈ ಸೀಮೆಯ ಮುಂಗಾರು ಅಷ್ಟು ದಿನ ನಿಂತ ನಿದರ್ಶನಗಳು ವಿರಳ.

ಸಂಹಿತೆಯ ಮೂಲವನ್ನು ವಿದ್ವಾಂಸರು 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಗುರುತಿಸುತ್ತಾರೆ. ಅಧಿಕಾರದಲ್ಲಿರುವ ಪಕ್ಷವು ಹೊಸ ಯೋಜನೆ ಘೋಷಿಸಬಾರದು, ಅಡಿಗಲ್ಲು ಹಾಕಬಾರದು, ಸರ್ಕಾರದ ಹಣದಲ್ಲಿ ತನ್ನ ಸಾಧನೆಯ ಜಾಹೀರಾತು ಕೊಡಬಾರದು ಎಂಬುದು ಅದರ ಸಾರ. ಸಾರ ಇಷ್ಟೇ ಇರಲಾಗಿ, ಅದರ ಆಚರಣೆಯಿಂದ ಒಂದು ಸ್ವತಂತ್ರ ಶಾಸ್ತ್ರವೇ ಹುಟ್ಟಿಕೊಂಡಿತು. ಅದೇ ಮುಸುಕುಶಾಸ್ತ್ರ.

ಈ ಶಾಸ್ತ್ರದ ಪ್ರಕಾರ ಪ್ರಚಾರ ಬರಹಗಳನ್ನು ಸರ್ಕಾರಿ ಕಟ್ಟಡಗಳಿಂದ 24 ಗಂಟೆಗಳೊಳಗೆ, ಬಸ್ ನಿಲ್ದಾಣದಂಥ ಸಾರ್ವಜನಿಕ ಸ್ಥಳಗಳಿಂದ 48 ಗಂಟೆಗಳೊಳಗೆ, ಖಾಸಗಿ ಗೋಡೆಗಳಿಂದ 72 ಗಂಟೆಗಳೊಳಗೆ ತೆಗೆಯಬೇಕು. ಕಲ್ಲಿನಲ್ಲಿ ಕೊರೆದಿದ್ದರಿಂದ ತೆಗೆಯಲಾಗದ್ದನ್ನು ಮುಚ್ಚಬೇಕು. ಮುಚ್ಚುವ ದ್ರವ್ಯಗಳು ಮೂರು ಬಗೆ: ಬಟ್ಟೆ, ಬಣ್ಣ ಮತ್ತು ಹಳೆಯ ದಿನಪತ್ರಿಕೆ. 2012ರಲ್ಲಿ ಉತ್ತರ ಪ್ರದೇಶದಲ್ಲಿ ಆಯೋಗದ ಆದೇಶದಂತೆ, ಪಕ್ಷವೊಂದರ ಚಿಹ್ನೆಯಾಗಿದ್ದ ಕಲ್ಲಿನ ಆನೆಗಳಿಗೇ ಹೊದಿಕೆ ಹೊದಿಸಲಾಗಿದ್ದು, ಅದು ಬಟ್ಟೆ ಪಂಥದ ಪರಾಕಾಷ್ಠೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದ ಆಸುಪಾಸಿನಲ್ಲಿ ಮುಚ್ಚಬೇಕಾದ ಆನೆಗಳಿಲ್ಲ. ಸಮುದಾಯ ಭವನ, ಕುಡಿಯುವ ನೀರಿನ ಘಟಕ, ಸಿಸಿ ರಸ್ತೆ ಇವುಗಳ ಉದ್ಘಾಟನಾ ಫಲಕಗಳು ಮಾತ್ರ ಇರುವುದರಿಂದ ಇಲ್ಲಿ ಪತ್ರಿಕಾ ಪಂಥವೇ ಪ್ರಬಲ. ಈ ಪಂಥದ ಆಂತರಿಕ ವಿರೋಧವೊಂದನ್ನು ಹಿಂದಿನ ಲಾಕ್ಷಣಿಕರು ಗಮನಿಸಿದಂತಿಲ್ಲ. ಶಾಸಕರ ಹೆಸರನ್ನು ಮುಚ್ಚಲು ಅಂಟಿಸಿದ ಹಳೆಯ ಪತ್ರಿಕೆಯಲ್ಲಿ, ಸಂಹಿತೆಗೆ ಮುಂಚಿನ ದಿನಗಳ ಪೂರ್ಣಪುಟ ಜಾಹೀರಾತೊಂದಿದ್ದು, ಅದರಲ್ಲಿ ಅವರದೇ ಪಕ್ಷದ ಹಿರಿಯರು ಕೈಮುಗಿದು ನಗುತ್ತಿರಬಹುದು. ಹೆಸರು ಮರೆಯಾಗಿ ಮುಖ ಮೂಡುವ ಈ ಸ್ಥಿತಿಗೆ ಸಂಹಿತೆಯಲ್ಲಿ ಪರಿಹಾರವಿಲ್ಲ. ಇನ್ನು ತುಂಗಭದ್ರೆಯ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಯೂ ಮೈದಾ ಅಂಟಿನ ರುಚಿ ಕಂಡ ಆಡುಗಳೂ ಮುಸುಕನ್ನು ಅವಧಿಗೆ ಮೊದಲೇ ಕಳಚುವುದುಂಟು. ಆಡು ಯಾವ ಪಕ್ಷದ್ದೆಂದು ಸಾಬೀತಾಗದ ಹೊರತು ದೂರು ನಿಲ್ಲುವುದಿಲ್ಲ.

ಫಲಕಕ್ಕೆ ಮುಸುಕು ಹಾಕುವುದು ಬಾಹ್ಯಕ್ರಿಯೆ. ಅದಕ್ಕಿಂತ ಸೂಕ್ಷ್ಮವಾದದ್ದು ಮಾಹಿತಿಗೆ ಮುಸುಕು ಹಾಕುವ ಕ್ರಿಯೆ. ಇದರ ಸಾಧನ ಕಾಗದವಲ್ಲ, ಒಂದು ವಾಕ್ಯ. ‘ನೀತಿ ಸಂಹಿತಿ ಐತ್ರಿ, ರಿಸಲ್ಟ್ ಬಂದ ಮ್ಯಾಲೆ ಬರ್ರಿ’ ಎಂಬ ಈ ಮಹಾವಾಕ್ಯವು ಪಿಂಚಣಿ ಏಕೆ ನಿಂತಿತು, ಪಹಣಿಯ ತಿದ್ದುಪಡಿ ಎಲ್ಲಿಗೆ ಬಂತು, ಟ್ಯಾಂಕರ್ ಯಾವಾಗ ಬರುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಸಮಾನ ಉತ್ತರವಾಗಿದೆ. ಲಕ್ಷಣವು ತನಗೆ ಸಲ್ಲದ ವಸ್ತುಗಳನ್ನೂ ಒಳಗೊಂಡರೆ ತರ್ಕಶಾಸ್ತ್ರದಲ್ಲಿ ಅದನ್ನು ಅತಿವ್ಯಾಪ್ತಿ ದೋಷವೆನ್ನುತ್ತಾರೆ. ಸಂಹಿತೆ ತಡೆಯುವುದು ಹೊಸ ಘೋಷಣೆಯನ್ನು. ಮೊದಲೇ ನಡೆಯುತ್ತಿರುವ ಕೆಲಸವನ್ನೂ ದಿನನಿತ್ಯದ ಸೇವೆಯನ್ನೂ ಅದು ತಡೆಯುವುದಿಲ್ಲ. ಆದರೆ ಕಿಟಕಿಯ ಆಚೆ ಕುಳಿತವರು ಪಠ್ಯಕ್ಕಿಂತ ಭಾಷ್ಯವನ್ನೇ ನೆಚ್ಚುವ ಪರಂಪರೆಯವರು. 2024ರ ಬೇಸಿಗೆಯಲ್ಲಿ ಈ ಜಿಲ್ಲೆ ಬರಪೀಡಿತವಾಗಿತ್ತು, ಮತದಾನ ಮೇ 7ರ ಉರಿಬಿಸಿಲಲ್ಲಿತ್ತು; ಕೊಡ ಹಿಡಿದು ಬಂದವರಿಗೆ ಭಾಷ್ಯವೇ ದೊರೆಯಿತು. ಹರಪನಹಳ್ಳಿಯವರ ಸ್ಥಿತಿ ಇನ್ನೂ ಶಾಸ್ತ್ರೀಯ. ಆ ತಾಲ್ಲೂಕು ಜಿಲ್ಲೆಗೆ ವಿಜಯನಗರ, ಲೋಕಸಭೆಗೆ ದಾವಣಗೆರೆ ಆಗಿರುವುದರಿಂದ ‘ಅಲ್ಲಿ ಕೇಳ್ರಿ’ ಎನ್ನುವ ಸೌಲಭ್ಯ ಎರಡು ಊರುಗಳಿಗೆ ಸಮನಾಗಿ ಹಂಚಿಕೆಯಾಗಿದೆ.

ಸರ್ಕಾರ ಈ ಕಾಲದಲ್ಲಿ ಮೌನಿಯಾಗುತ್ತದೆಂದು ಇದರಿಂದ ತಿಳಿಯಬಾರದು. ಮತದಾರರಲ್ಲಿ ಅರಿವು ಮೂಡಿಸುವ ಸ್ವೀಪ್ ಸಮಿತಿಯ ಜಾಥಾ, ರಂಗೋಲಿ, ಬೈಕ್ ರ‍್ಯಾಲಿಗಳಿಂದ ಊರು ಗದ್ದಲವಾಗಿರುತ್ತದೆ. ಮತ ಹಾಕಿರಿ ಎಂಬ ಒಂದೇ ಮಾಹಿತಿಯನ್ನು, ಹೇಗೂ ಮತ ಹಾಕುವ ಜನಕ್ಕೆ, ಮೈಕಿನಲ್ಲಿ ಹಲವು ಸಲ ತಿಳಿಸಲಾಗುತ್ತದೆ. ಮತ ಯಾಕೆ ಹಾಕಬೇಕೆಂದು ಯೋಚಿಸಲು ನೆರವಾಗುವ ಲೆಕ್ಕಪತ್ರಗಳು ಮಾತ್ರ ಮುಸುಕಿನೊಳಗಿರುತ್ತವೆ.

ಹೋಲಿಕೆಗೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವನ್ನು ಪರಿಶೀಲಿಸುವುದು ಯುಕ್ತ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ, ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ, ವರ್ಷಕ್ಕಾಗುವ ಭವಿಷ್ಯವಾಣಿ ಒಂದೇ ವಾಕ್ಯದಲ್ಲಿ ಹೊರಬೀಳುತ್ತದೆ. ರೈತರು ಅದರಲ್ಲಿ ಮಳೆಯನ್ನೂ ರಾಜಕಾರಣಿಗಳು ಕುರ್ಚಿಯನ್ನೂ ಕಾಣುತ್ತಾರೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಕಲಮು ಪ್ರಚಾರದ ಸದ್ದಡಗಿಸಲು ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳನ್ನು ಮೀಸಲಿಟ್ಟರೆ, ಗೊರವಯ್ಯನಿಗೆ ಒಂದು ಕೂಗು ಸಾಕು. 2023 ಮತ್ತು 2024ರಲ್ಲಿ ಕಾರ್ಣಿಕ ಫೆಬ್ರವರಿಯಲ್ಲೇ ಮುಗಿದು ಸಂಹಿತೆ ಮಾರ್ಚಿನಲ್ಲಿ ಬಂದದ್ದರಿಂದ, ಮುಂದಿನ ಸರ್ಕಾರದ ಬಗೆಗಿನ ಈ ಪ್ರಕಟಣೆಯನ್ನು ಮುಚ್ಚಲು ಪತ್ರಿಕೆ ಹುಡುಕುವ ಪ್ರಸಂಗ ತಪ್ಪಿತು. ಒಗಟಾಗಿ ನುಡಿದರೂ ಕಾರ್ಣಿಕವು ನುಡಿಯುತ್ತದೆ, ಅದೂ ಹೇಳಿದ ದಿನವೇ. ಸಾರ್ವಜನಿಕ ಮಾಹಿತಿಯ ವಿಷಯದಲ್ಲಿ ಕಚೇರಿಯ ಕಿಟಕಿಗಿಂತ ಬಿಲ್ಲೇ ಮೇಲೆಂದು ತೀರ್ಮಾನಿಸಲು ಇಷ್ಟು ಆಧಾರ ಸಾಕು.

ಈ ಶಾಸ್ತ್ರದ ಅಭ್ಯಾಸಿಗಳು ಮುಂದಿನ ಸಂಹಿತಾಕಾಲದಲ್ಲಿ ಒಂದು ಪ್ರಯೋಗ ಮಾಡಬಹುದು. ಮಹಾವಾಕ್ಯ ಕಿವಿಗೆ ಬಿದ್ದೊಡನೆ ಅದನ್ನೇ ಬರಹದಲ್ಲಿ, ಸಹಿ ಮತ್ತು ಮೊಹರಿನೊಂದಿಗೆ ಕೊಡಿರೆಂದು ಕೇಳಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. 2005ರ ಆ ಕಾಯ್ದೆ ಉತ್ತರಕ್ಕೆ ಕೊಟ್ಟಿರುವ 30 ದಿನಗಳ ಗಡುವು ಚುನಾವಣೆಗಾಗಿ ನಿಲ್ಲುವುದಿಲ್ಲ.