ನಿಯಮೋಲ್ಲಂಘನೆಯ ನಿಯಮಾವಳಿ: ವಿದ್ಯಾರ್ಥಿಕೃತ ಇಂಡೀ ರಾಕ್ ವಿಡಿಯೊದ ಲಕ್ಷಣಮೀಮಾಂಸೆ

1. ವಿಷಯನಿರ್ದೇಶ

ಇಂಗ್ಲೆಂಡಿನಲ್ಲಿ ಹದಿನಾರರಿಂದ ಹದಿನೆಂಟರ ಪ್ರಾಯದವರು ಓದುವ ಎ-ಲೆವೆಲ್ ತರಗತಿಗಳಲ್ಲಿ ಮಾಧ್ಯಮ ಅಧ್ಯಯನವೆಂಬ ವಿಷಯವಿದ್ದು, ಅದರ ಅಂಗವಾಗಿ ವಿದ್ಯಾರ್ಥಿಗಳು ಯಾವುದಾದರೊಂದು ಹಾಡನ್ನು ಆರಿಸಿಕೊಂಡು ಅದಕ್ಕೆ ತಾವೇ ವಿಡಿಯೊ ತಯಾರಿಸಿ ಅಂಕಕ್ಕಾಗಿ ಒಪ್ಪಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೀಗೆ ಒಪ್ಪಿಸಲ್ಪಟ್ಟ ಕೃತಿಗಳ ಪೈಕಿ ಇಂಡೀ ರಾಕ್ ಪ್ರಕಾರಕ್ಕೆ ಸೇರಿದವು ತಮ್ಮ ಅದ್ಭುತ ಏಕರೂಪತೆಯಿಂದ ವಿದ್ವಾಂಸರ ಗಮನಕ್ಕೆ ಅರ್ಹವಾಗಿವೆ. ಯಾರ ಮಾತನ್ನೂ ಕೇಳುವುದಿಲ್ಲವೆಂದು ಸಾರುವ ಸಂಗೀತವೊಂದಕ್ಕೆ ದೃಶ್ಯ ಕಲ್ಪಿಸಹೊರಟ ತರುಣ ತರುಣಿಯರು, ಒಬ್ಬರನ್ನೊಬ್ಬರು ಅರಿಯದೆಯೂ, ಒಂದೇ ಬಗೆಯ ಇಟ್ಟಿಗೆ ಗೋಡೆಯ ಮುಂದೆ, ಒಂದೇ ಬಗೆಯ ಅಂಗಿ ತೊಟ್ಟು, ಒಂದೇ ಬಗೆಯಲ್ಲಿ ಮುಖ ಗಂಟಿಕ್ಕಿಕೊಂಡು ನಿಲ್ಲುವುದು ಕಾಕತಾಳೀಯವೆನ್ನಲು ಬರುವಂತಿಲ್ಲ. ಇದರ ಹಿಂದೊಂದು ಶಾಸ್ತ್ರವಿರಲೇಬೇಕೆಂಬ ಊಹೆಯಿಂದ ಹೊರಟು, ಕೊರತೆಯು ಶೈಲಿಯಾಗಿ, ಶೈಲಿಯು ನಿಯಮವಾಗಿ, ನಿಯಮವು ಅಂಕವಾಗಿ ಪರಿಣಮಿಸುವ ಕ್ರಮವನ್ನು ನಿರೂಪಿಸುವುದೇ ಈ ಪ್ರಬಂಧದ ಉದ್ದೇಶವಾಗಿದೆ.

2. ಉತ್ಪತ್ತಿ ಪ್ರಕರಣ

ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಸ್ವತಂತ್ರ ಸಂಸ್ಥೆಗಳು ಹೊರತಂದ ಗಿಟಾರ್‌ಪ್ರಧಾನ ಸಂಗೀತಕ್ಕೆ ಇಂಡೀ ಎಂಬ ಹೆಸರು ಬಂದಿತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡವು ಸುಮಾರು 500 ಪೌಂಡ್ ಸಾಲ ಎತ್ತಿ, ನ್ಯೂ ಹಾರ್ಮೋನ್ಸ್ ಎಂಬ ತನ್ನದೇ ಲೇಬಲ್ಲಿನಲ್ಲಿ ನಾಲ್ಕು ಹಾಡುಗಳ ಸ್ಪೈರಲ್ ಸ್ಕ್ರ್ಯಾಚ್ ತಟ್ಟೆಯನ್ನು ಪ್ರಕಟಿಸಿತು. ಅದರ ಹೊದಿಕೆಗೆ ಒಂದು ಪೋಲರಾಯ್ಡ್ ಚಿತ್ರವೇ ಸಾಕಾಯಿತು; ಯಾವ ಹಾಡನ್ನು ಎಷ್ಟನೆಯ ಪ್ರಯತ್ನದಲ್ಲಿ ಧ್ವನಿಮುದ್ರಿಸಿಕೊಳ್ಳಲಾಯಿತೆಂಬುದನ್ನೂ ಆ ಹೊದಿಕೆಯ ಮೇಲೆಯೇ ಅಚ್ಚುಹಾಕಲಾಯಿತು. ಮರುವರ್ಷ ಲಂಡನ್ನಿನ ರಫ್ ಟ್ರೇಡ್ ಅಂಗಡಿಯು ಲೇಬಲ್ಲಾಗಿಯೂ ಬೆಳೆಯಿತು, ಮ್ಯಾಂಚೆಸ್ಟರಿನಲ್ಲಿ ಫ್ಯಾಕ್ಟರಿ ಹುಟ್ಟಿಕೊಂಡಿತು. 1980ರಲ್ಲಿ ಸ್ವತಂತ್ರ ಲೇಬಲ್ಲುಗಳಿಗೆಂದೇ ಮಾರಾಟದ ಪಟ್ಟಿಯೊಂದು ಆರಂಭವಾಯಿತು. 1986ರಲ್ಲಿ ಎನ್‌ಎಂಇ ವಾರಪತ್ರಿಕೆಯು 22 ತಂಡಗಳ ಹಾಡುಗಳನ್ನು ಸಿ86 ಎಂಬ ಕ್ಯಾಸೆಟ್ಟಿನಲ್ಲಿ ಒಟ್ಟುಮಾಡಿ ಈ ಪ್ರಕಾರಕ್ಕೊಂದು ಸಂಕಲನ ಗ್ರಂಥವನ್ನೇ ಒದಗಿಸಿತು.

ಸ್ವತಂತ್ರ ಲೇಬಲ್ಲುಗಳ ಆ ಮಾರಾಟದ ಪಟ್ಟಿಯು ಹಾಡಿನ ಗುಣವನ್ನು ನೋಡದೆ ಹಂಚಿಕೆಯ ಮಾರ್ಗವನ್ನು ಮಾತ್ರ ನೋಡುತ್ತಿದ್ದುದರಿಂದ, 1980ರ ದಶಕದ ಕೊನೆಯಲ್ಲಿ ಅಪ್ಪಟ ನೃತ್ಯಸಂಗೀತದ ತಾರೆ ಕೈಲಿ ಮಿನೋಗ್ ಅವರೂ ಅದರ ಮೇಲ್ತುದಿಗೇರಿ ಶಾಸ್ತ್ರೋಕ್ತ ಇಂಡೀ ಕಲಾವಿದರೆನಿಸಿದರು. ಪ್ರತಿಯಾಗಿ 1992ರಲ್ಲಿ ಸೋನಿ ಕಂಪನಿಯು ಕ್ರಿಯೇಶನ್ ಎಂಬ ಸ್ವತಂತ್ರ ಲೇಬಲ್ಲಿನ ಹೆಚ್ಚುಕಡಿಮೆ ಅರ್ಧ ಪಾಲನ್ನು ಕೊಂಡಿತು. ಹೀಗೆ ಸ್ವಾತಂತ್ರ್ಯವು ಲೆಕ್ಕಪುಸ್ತಕದಿಂದ ಜಾರಿ ಹೋದ ಮೇಲೆ ಅದಕ್ಕೆ ಉಳಿದ ನೆಲೆಗಳೆಂದರೆ ಕೇಶವಿನ್ಯಾಸ ಮತ್ತು ಅಂಗಿ. ವಿದ್ಯಾರ್ಥಿಯ ವಿಡಿಯೊವು ಆರಂಭವಾಗುವುದು ಇಲ್ಲಿಂದಲೇ.

3. ಚತುರ್ವಿಧಾಭಿನಯ ಪ್ರಕರಣ

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದು, ಭರತಮುನಿಯ ದೃಷ್ಟಿ ಮ್ಯಾಂಚೆಸ್ಟರಿನವರೆಗೆ ಹರಿದಿತ್ತೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲವಾದರೂ, ಪ್ರಸ್ತುತ ವಿಷಯಕ್ಕೆ ಈ ವಿಭಾಗವು ಚೆನ್ನಾಗಿಯೇ ಹೊಂದುತ್ತದೆ.

ಆಂಗಿಕದಲ್ಲಿ ಅತಿ ಮುಖ್ಯವಾದುದು ಅಧೋದೃಷ್ಟಿ, ಅಂದರೆ ನೆಲವನ್ನು ನೋಡುವುದು. 1990ರ ಆಸುಪಾಸಿನಲ್ಲಿ ಕೆಲವು ತಂಡಗಳ ವಾದಕರು ಗಿಟಾರಿನ ನಾದವನ್ನು ಮಾರ್ಪಡಿಸುವ ಹಲವು ಪೆಡಲುಗಳನ್ನು ಕಾಲಬುಡದಲ್ಲಿ ಹರಡಿಕೊಂಡು, ಯಾವುದನ್ನು ಯಾವಾಗ ತುಳಿಯಬೇಕೆಂದು ನೋಡುತ್ತ ನಿಲ್ಲಬೇಕಾಗಿದ್ದುದರಿಂದ, ಅವರಿಗೆ ಪಾದರಕ್ಷೆ ನಿರೀಕ್ಷಕರೆಂಬರ್ಥದ ಶೂಗೇಜ್ ಎಂಬ ಅಡ್ಡಹೆಸರು ಬಂದಿತು. ವಿದ್ಯಾರ್ಥಿಯ ವಿಡಿಯೊದಲ್ಲಿ ಪೆಡಲುಗಳು ಲೋಪಗೊಂಡು ದೃಷ್ಟಿ ಮಾತ್ರ ಉಳಿದಿದೆ. ನಗುವುದು ಸರ್ವಥಾ ನಿಷಿದ್ಧ; ಡ್ರಮ್ಮರನಿಗೆ ಮಾತ್ರ, ಆತನು ಹೇಗೂ ಹಿಂದೆ ಕುಳಿತಿರುವುದರಿಂದ, ಈ ವಿಷಯದಲ್ಲಿ ವಿನಾಯಿತಿಯುಂಟು.

ವಾಚಿಕದಲ್ಲಿ ಲಿಪ್ ಸಿಂಕ್, ಅಂದರೆ ಮೊದಲೇ ಮುದ್ರಿತವಾದ ಹಾಡಿಗೆ ತುಟಿ ಹೊಂದಿಸುವ ಕ್ರಿಯೆ ಬರುತ್ತದೆ. 2001ರಲ್ಲಿ ರೋಮನ್ ಕೊಪ್ಪೊಲಾ ನಿರ್ದೇಶಿಸಿದ ಲಾಸ್ಟ್ ನೈಟ್ ವಿಡಿಯೊದಲ್ಲಿ ಸ್ಟ್ರೋಕ್ಸ್ ತಂಡವು ತುಟಿ ಹೊಂದಿಸಲು ಒಪ್ಪದೆ ಕ್ಯಾಮರಾದ ಮುಂದೆ ನಿಜವಾಗಿಯೇ ಹಾಡಿತು. ಈ ಪ್ರಾಮಾಣಿಕತೆಯಿಂದ ಪ್ರೇರಿತರಾದ ವಿದ್ಯಾರ್ಥಿಗಳು, ನಿಜವಾಗಿ ಹಾಡುತ್ತಿರುವವರಂತೆ ತೋರುವ ಸಲುವಾಗಿ ಇನ್ನಷ್ಟು ಶ್ರದ್ಧೆಯಿಂದ ತುಟಿ ಹೊಂದಿಸುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಿಂದ ಹೊರಟ ತಂತಿಯು ಚೌಕಟ್ಟಿನ ಅಂಚಿನವರೆಗೆ ಬಂದು, ಅದರಾಚೆ ಯಾವ ಆಂಪ್ಲಿಫೈಯರಿಗೂ ಸೇರದೆ ಹುಲ್ಲಿನಲ್ಲಿ ಮುಗಿಯುತ್ತದೆ.

ಆಹಾರ್ಯವೆಂದರೆ ವೇಷಭೂಷಣ. ಬಳಸಿದ ಬಟ್ಟೆಗಳನ್ನು ದಾನವಾಗಿ ಪಡೆದು ಕಡಿಮೆ ಬೆಲೆಗೆ ಮಾರುವ ಚಾರಿಟಿ ಶಾಪುಗಳಲ್ಲಿ ಹಿಂದಿನ ವಾದಕರು ಬಟ್ಟೆ ಕೊಂಡದ್ದು ಬೇರೆ ಕಡೆ ಕೊಳ್ಳಲು ಕಾಸಿಲ್ಲದ್ದರಿಂದ; ಈಗಿನವರು ಅಲ್ಲಿಗೆ ಹೋಗುವುದು ಯೋಜನಾಪತ್ರದಲ್ಲಿ ವೇಷಭೂಷಣವೆಂಬ ಅಂಕಣ ಇರುವುದರಿಂದ. ಆಹಾರ್ಯವು ನಟರಿಗೆ ಮಾತ್ರವಲ್ಲದೆ ಚಿತ್ರಕ್ಕೂ ಉಂಟು. 2005ರಲ್ಲಿ ಷೆಫೀಲ್ಡಿನ ಆರ್ಕ್ಟಿಕ್ ಮಂಕೀಸ್ ತಂಡವು ತನ್ನ ಪ್ರಸಿದ್ಧ ಹಾಡೊಂದಕ್ಕೆ ಹಳೆಯ ದೂರದರ್ಶನ ಕ್ಯಾಮರಾಗಳನ್ನು ಹುಡುಕಿ ತಂದು ಚಿತ್ರೀಕರಿಸಿ, ಹಿಂದಿನ ಕಾಲದ ಸಂಗೀತ ಕಾರ್ಯಕ್ರಮದ ಛಾಯೆಯನ್ನು ಸಾಧಿಸಿತು. ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲು ಬಯಸಿದರೂ ಅಷ್ಟು ಕೆಟ್ಟದಾಗಿ ಚಿತ್ರ ತೆಗೆಯಲಾರದು; ಆದ್ದರಿಂದ ಸೆಕೆಂಡಿಗೆ 25 ಫ್ರೇಮುಗಳಂತೆ ಮೂರೂವರೆ ನಿಮಿಷದ ಹಾಡಿನ 5,250 ಫ್ರೇಮುಗಳನ್ನೂ ಮೊದಲು ಸ್ಫಟಿಕಸ್ಪಷ್ಟವಾಗಿ ಸೆರೆಹಿಡಿದು, ಅನಂತರ ಧೂಳು, ಗೀರು, ನಡುಕಗಳ ಫಿಲ್ಟರುಗಳಿಂದ ವಿಧಿಪೂರ್ವಕವಾಗಿ ಕೆಡಿಸಲಾಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತು. ಇಂಡೀ ಶಾಸ್ತ್ರದಲ್ಲಿಯೂ ಆ ನಿರ್ಣಯಕ್ಕೆ ಅಷ್ಟೇ ಪ್ರಾಧಾನ್ಯವಿದ್ದು, ದೋಷವನ್ನು ಕೈಯಾರೆ ಸೇರಿಸಬೇಕೆಂಬ ವಿಧಿ ಮಾತ್ರ ಹೆಚ್ಚಿನದಾಗಿದೆ.

ಸಾತ್ತ್ವಿಕವು ಒಳಗಿನ ಭಾವವು ದೇಹದಲ್ಲಿ ತಾನಾಗಿ ತೋರಿಕೊಳ್ಳುವ ಬಗೆಯಾಗಿದ್ದು, ಕಠಿಣ ಸಾಧನೆಯಿಂದ ಮಾತ್ರ ದಕ್ಕತಕ್ಕದ್ದೆಂದು ಹಿರಿಯರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ನವೆಂಬರ್ ತಿಂಗಳ ಹೊರಾಂಗಣ ಚಿತ್ರೀಕರಣವಾದರೆ, ಎಂಟು ಸಾತ್ತ್ವಿಕ ಭಾವಗಳ ಪೈಕಿ ರೋಮಾಂಚ, ವೇಪಥು ಎಂಬ ನಡುಕ, ವೈವರ್ಣ್ಯ ಎಂಬ ಬಣ್ಣಗೇಡು ಮತ್ತು ಸ್ವರಭಂಗಗಳು ಅಭ್ಯಾಸದ ಅಗತ್ಯವೇ ಇಲ್ಲದೆ ಕಾಲು ಗಂಟೆಯೊಳಗೆ ಸಿದ್ಧಿಸುತ್ತವೆ. ಎದುರುಗಾಳಿಯಿದ್ದಲ್ಲಿ ಅಶ್ರುವೂ ಲಭ್ಯ.

4. ದೇಶ ಪ್ರಕರಣ

ಚಿತ್ರೀಕರಣಕ್ಕೆ ಯೋಗ್ಯವಾದ ಸ್ಥಳಗಳು ಇಟ್ಟಿಗೆ ಗೋಡೆ, ಬಹುಮಹಡಿ ಕಾರು ನಿಲ್ದಾಣದ ತುತ್ತತುದಿ, ಎಲೆಯುದುರಿದ ಕಾಡು, ರೈಲು ಹಳಿ ಮತ್ತು ರಸ್ತೆಯೆಂದು ಐದು. ಇವುಗಳಲ್ಲಿ ರೈಲು ಹಳಿಯು ಉತ್ತಮೋತ್ತಮವಾಗಿದ್ದರೂ, ಅನುಮತಿಯಿಲ್ಲದೆ ಅದರ ಮೇಲೆ ನಡೆಯುವುದು ಅಪರಾಧವಾಗಿರುವುದರಿಂದಲೂ, ಚಿತ್ರೀಕರಣಕ್ಕೆ ಮುಂಚೆ ಸಂಭಾವ್ಯ ಅಪಾಯಗಳನ್ನೆಲ್ಲ ಪಟ್ಟಿಮಾಡಿ ರಿಸ್ಕ್ ಅಸೆಸ್‌ಮೆಂಟ್ ಎಂಬ ಪತ್ರವನ್ನು ಶಿಕ್ಷಕರಿಗೆ ಒಪ್ಪಿಸಬೇಕಾಗಿರುವುದರಿಂದಲೂ, ಅದು ಶಾಟ್‌ಗಳನ್ನು ಮುಂಚಿತವಾಗಿ ಬಿಡಿಸಿಟ್ಟ ಸ್ಟೋರಿಬೋರ್ಡಿನಲ್ಲಿ ಮಾತ್ರ ಕಾಣಿಸಿಕೊಂಡು, ವಿಡಿಯೊದಲ್ಲಿ ಕಾಲುಹಾದಿಯಾಗಿ ಅವತರಿಸುತ್ತದೆ.

ರಸ್ತೆಯ ನಡಿಗೆಗೆ ಪರಮ ಪ್ರಮಾಣವೆಂದರೆ 1997ರಲ್ಲಿ ವರ್ವ್ ತಂಡವು ಪ್ರಕಟಿಸಿದ ಬಿಟರ್ ಸ್ವೀಟ್ ಸಿಂಫನಿಯ ವಿಡಿಯೊ. ಅದರಲ್ಲಿ ಗಾಯಕ ರಿಚರ್ಡ್ ಆಶ್‌ಕ್ರಾಫ್ಟ್ ಲಂಡನ್ನಿನ ಹಾಕ್ಸ್‌ಟನ್ ಬೀದಿಯಲ್ಲಿ ಎದುರಾದವರಿಗೆಲ್ಲ ಢಿಕ್ಕಿ ಹೊಡೆಯುತ್ತ, ಯಾರಿಗೂ ದಾರಿ ಬಿಡದೆ ಸಾಗುತ್ತಾರೆ. ಈ ಉಗ್ರ ಸ್ವತಂತ್ರ ನಡಿಗೆಯೇ 1991ರಲ್ಲಿ ಬಂದ ಮ್ಯಾಸಿವ್ ಅಟ್ಯಾಕ್ ತಂಡದ ಅನ್‌ಫಿನಿಶ್ಡ್ ಸಿಂಪಥಿ ವಿಡಿಯೊದ ಲಾಸ್ ಏಂಜಲೀಸ್ ನಡಿಗೆಯ ಅನುಸರಣೆಯಾಗಿತ್ತು. 1998ರಲ್ಲಿ ಫ್ಯಾಟ್ ಲೆಸ್ ಎಂಬ ತಂಡವು ತನ್ನ ವಿಂಡಲೂ ಹಾಡಿನ ವಿಡಿಯೊದಲ್ಲಿ ಆಶ್‌ಕ್ರಾಫ್ಟರ ನಡಿಗೆಯನ್ನು ಅಣಕಿಸಿತು. ಹೀಗಿರುವಾಗ ತನ್ನೂರಿನ ಪೇಟೆಬೀದಿಯಲ್ಲಿ ಸಹಪಾಠಿಗಳಿಗೆ ಢಿಕ್ಕಿ ಹೊಡೆಯುತ್ತ ನಡೆಯುವ ವಿದ್ಯಾರ್ಥಿಯು ಅನುಕರಣೆಯ ಅನುಕರಣೆಯನ್ನು ಅಣಕದ ಅರಿವಿಲ್ಲದೆ ಮಾಡುತ್ತಿರುವನಾದರೂ, ಇದನ್ನು ಅಂತರ್‌ಪಠ್ಯೀಯತೆಯೆಂದು, ಅಂದರೆ ಒಂದು ಕೃತಿಯು ಇನ್ನೊಂದನ್ನು ಬೇಕೆಂದೇ ನೆನಪಿಸುವ ಗುಣವೆಂದು ಬರೆದುಕೊಂಡಲ್ಲಿ ದೋಷವು ಪರಿಹಾರವಾಗುತ್ತದೆ.

5. ಶಾಸ್ತ್ರಾಧಾರ ಪ್ರಕರಣ

ಈ ವಿದ್ಯೆಯಲ್ಲಿ ಪ್ರಮಾಣಪುರುಷರು ಮುಖ್ಯವಾಗಿ ಮೂವರು. 1992ರಲ್ಲಿ ಆಂಡ್ರ್ಯೂ ಗುಡ್‌ವಿನ್ ಸಂಗೀತ ವಿಡಿಯೊಗಳ ಬಗ್ಗೆ ಬರೆದ ಗ್ರಂಥದಿಂದ ತರಗತಿಗಳು ಕೆಲವು ಸೂತ್ರಗಳನ್ನು ಹೆಕ್ಕಿಕೊಂಡಿದ್ದು, ದೃಶ್ಯವು ಸಾಹಿತ್ಯಕ್ಕೂ ಸಂಗೀತಕ್ಕೂ ಸಂಬಂಧಪಟ್ಟಿರಬೇಕು, ಪ್ರಕಾರದ ಲಕ್ಷಣಗಳು ಕಾಣಬೇಕು, ರೆಕಾರ್ಡ್ ಕಂಪನಿಯ ಅಗತ್ಯಕ್ಕಾಗಿ ಕಲಾವಿದನ ಕ್ಲೋಸ್-ಅಪ್‌ಗಳು ಹೇರಳವಾಗಿರಬೇಕು ಎಂಬವು ಅವುಗಳಲ್ಲಿ ಸೇರಿವೆ. ಕಂಪನಿಯ ಹಂಗನ್ನು ಧಿಕ್ಕರಿಸುವ ತಂಡಕ್ಕೆ, ಅದೂ ಕಂಪನಿಯೇ ಇಲ್ಲದ ತಂಡಕ್ಕೆ, ಕಂಪನಿಯ ಅಗತ್ಯವನ್ನು ಪೂರೈಸುವುದೆಂತೆಂಬ ಸಂದೇಹವನ್ನು ವಿದ್ಯಾರ್ಥಿಗಳು ಗಾಯಕನ ಮುಖವನ್ನು ತೀರ ಹತ್ತಿರದಿಂದ, ಆದರೆ ಕೂದಲಿನಿಂದ ಮುಚ್ಚಿ ತೋರಿಸುವ ಮೂಲಕ ಬಗೆಹರಿಸಿದ್ದಾರೆ. ಎರಡನೆಯವರಾದ ಲಾರಾ ಮಲ್ವೀ 1975ರ ತಮ್ಮ ಲೇಖನದಲ್ಲಿ ಸಿನಿಮಾವು ಹೆಣ್ಣನ್ನು ಗಂಡಿನ ನೋಟದ ವಸ್ತುವಾಗಿಸುತ್ತದೆಂದು ಆಕ್ಷೇಪಿಸಿದರು. ತರಗತಿಯಲ್ಲಿ ಈ ಆಕ್ಷೇಪವು ವಿಧಿಯಾಗಿ ಮಾರ್ಪಟ್ಟು, ಸಿದ್ಧಾಂತವನ್ನು ಅನ್ವಯಿಸುವುದಕ್ಕೆಂದೇ ವಿಡಿಯೊದಲ್ಲಿ ಒಬ್ಬಳು ಹುಡುಗಿಯನ್ನು ನಿಲ್ಲಿಸಿ ನೋಡಲಾಗುತ್ತದೆ. ಮೂರನೆಯವರಾದ ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಂತ್ರಿಕ ಜನಪದ ಕಥೆಗಳಲ್ಲಿ 31 ಕ್ರಿಯಾಘಟಕಗಳನ್ನು ಗುರುತಿಸಿದ್ದು, ಅವುಗಳನ್ನೆಲ್ಲ ಮೂರೂವರೆ ನಿಮಿಷದ ಹಾಡಿಗೆ ಅಳವಡಿಸಹೊರಟರೆ ತಲಾ ಏಳು ಸೆಕೆಂಡುಗಳೂ ಸಿಗುವುದಿಲ್ಲ. ಆದ್ದರಿಂದ ನಾಯಕನು ಮನೆ ಬಿಟ್ಟು ಹೊರಡುವಷ್ಟರಲ್ಲಿಯೇ ಹಾಡು ಮುಗಿಯುತ್ತದೆ.

6. ಅಂಕ ಪ್ರಕರಣ

ಒಸಿಆರ್ ಎಂಬ ಪರೀಕ್ಷಾ ಮಂಡಳಿಯ ಹಿಂದಿನ ಪಠ್ಯಕ್ರಮವು 100 ಅಂಕಗಳಲ್ಲಿ ಸಂಶೋಧನೆ ಮತ್ತು ಯೋಜನೆಗೆ 20, ನಿರ್ಮಾಣಕ್ಕೆ 60, ವಿದ್ಯಾರ್ಥಿಯೇ ತನ್ನ ಕೃತಿಯ ಬಗ್ಗೆ ಬರೆಯುವ ಮೌಲ್ಯಮಾಪನಕ್ಕೆ 20 ಎಂದು ಹಂಚಿತ್ತು. ನಿರ್ಮಾಣದ ಅರವತ್ತರಲ್ಲಿಯೂ ಇಪ್ಪತ್ತು ಅಂಕಗಳು ಡಿಜಿಪ್ಯಾಕ್ ಎಂಬ ಸಿಡಿಯ ಮಡಿಕೆ ಹೊದಿಕೆ, ಪತ್ರಿಕಾ ಜಾಹೀರಾತು ಮೊದಲಾದ ಉಪಕೃತಿಗಳಿಗೆ ಸಲ್ಲುತ್ತಿದ್ದುದರಿಂದ, ವಿಡಿಯೊಗೆಂದು ಉಳಿಯುತ್ತಿದ್ದುದು ನಲವತ್ತು ಮಾತ್ರ. ಅಂದರೆ ಇಂಡೀ ವಿಡಿಯೊವೆಂಬುದು ಪ್ರಧಾನತಃ ಕಾಗದದ ಕಲೆಯಾಗಿದ್ದು, ಚಲಿಸುವ ಚಿತ್ರವು ಅದರ ಅನುಬಂಧವೆಂದು ತಿಳಿಯತಕ್ಕದ್ದು.

ಆ ಮೌಲ್ಯಮಾಪನದ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದು, ಕೃತಿಯು ನೈಜ ಮಾಧ್ಯಮದ ರೂಢಿಗಳನ್ನು ಹೇಗೆ ಬಳಸಿದೆ, ಬೆಳೆಸಿದೆ ಅಥವಾ ಪ್ರಶ್ನಿಸಿದೆಯೆಂಬುದಾಗಿತ್ತು. ರೂಢಿಯನ್ನು ಪ್ರಶ್ನಿಸುವುದೇ ಇಂಡೀ ರೂಢಿಯಾಗಿರುವುದರಿಂದ, ಅದನ್ನು ಬಳಸಿದವನು ಪ್ರಶ್ನಿಸಿದಂತಾಗುತ್ತದೆ, ಪ್ರಶ್ನಿಸಿದವನು ಬಳಸಿದಂತಾಗುತ್ತದೆ. ಒಂದೇ ವಾಕ್ಯದಿಂದ ಎರಡು ಅಂಕಣಗಳನ್ನು ತುಂಬಿಸುವ ಸೌಲಭ್ಯವು ಬೇರಾವ ಸಂಗೀತಪ್ರಕಾರಕ್ಕೂ ಇಲ್ಲ. ಆದರೆ ಈ ಸೌಲಭ್ಯಕ್ಕೊಂದು ಮಿತಿಯುಂಟು. ಅಮೆರಿಕದ ರಿಪ್ಲೇಸ್‌ಮೆಂಟ್ಸ್ ತಂಡವು 1985ರ ತನ್ನ ಬಾಸ್ಟರ್ಡ್ಸ್ ಆಫ್ ಯಂಗ್ ಹಾಡಿಗೆ ಮಾಡಿಸಿದ ಕಪ್ಪುಬಿಳುಪು ವಿಡಿಯೊದಲ್ಲಿ ಬಹುಪಾಲು ಕಾಣುವುದು ಹಾಡುತ್ತಿರುವ ಒಂದು ಸ್ಪೀಕರ್ ಪೆಟ್ಟಿಗೆ ಮಾತ್ರ. ಈ ಪ್ರಕಾರದ ಅತ್ಯಂತ ನಿಷ್ಠುರ ಕೃತಿಗಳಲ್ಲಿ ಒಂದೆನಿಸಿದ ಇದನ್ನು ಯಾವನಾದರೂ ವಿದ್ಯಾರ್ಥಿಯು ಒಪ್ಪಿಸಿದಲ್ಲಿ, ಬಗೆಬಗೆಯ ದೂರಗಳಿಂದ ಶಾಟ್‌ಗಳನ್ನು ತೆಗೆದಿರಬೇಕೆಂಬ ಮಾನದಂಡದ ಮುಂದೆ ಅವನು ನಿಲ್ಲಲಾರನು.

7. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷದವರು ಹೀಗೆ ವಾದಿಸಬಹುದು: ನಿಯಮವನ್ನು ಪಾಲಿಸಿದರೆ ಅದು ಇಂಡೀ ಆಗದು, ಪಾಲಿಸದಿದ್ದರೆ ಅಂಕ ಬಾರದು, ಆದ್ದರಿಂದ ವಿದ್ಯಾರ್ಥಿಕೃತ ಇಂಡೀ ವಿಡಿಯೊವೆಂಬ ವಸ್ತುವೇ ಅಸಿದ್ಧ.

ಈ ವಾದವು ಯೋಜನಾಪತ್ರವನ್ನು ಮಾತ್ರ ನೋಡಿ ಚಿತ್ರೀಕರಣದ ದಿನವನ್ನು ನೋಡದೆ ಹೇಳಿದ್ದಾಗಿದೆ. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಸೂರ್ಯನು ನಾಲ್ಕು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಕ್ಯಾಮರಾದ ಬ್ಯಾಟರಿ ಅದಕ್ಕೂ ಮೊದಲು ಮುಗಿಯುತ್ತದೆ. ಡ್ರಮ್ಮರನು ಗಾಯಕನೊಡನೆ ಮುನಿಸಿಕೊಂಡು ಬಾರದೆ ಹೋಗಿ, ಅವನ ಡ್ರಮ್ಮುಗಳು ಮಾತ್ರ ಹಾಜರಾಗುತ್ತವೆ. ಸಿಕ್ಕ ಅರ್ಧ ಬೆಳಕಿನಲ್ಲಿ, ಇದ್ದ ಮೂವರಿಂದ, ಸ್ಟೋರಿಬೋರ್ಡಿನಲ್ಲಿಲ್ಲದ ಏನೋ ಒಂದು ಹುಟ್ಟುತ್ತದೆ. ಬಜ್‌ಕಾಕ್ಸ್ ತಂಡದವರು ಸಾಲದ ಹಣದಲ್ಲಿ ಮಾಡಿದ್ದೂ ಇಂಥದನ್ನೇ. ವ್ಯತ್ಯಾಸವಿಷ್ಟೆ: ಅವರು ತಮ್ಮ ಪ್ರಯತ್ನಗಳ ಲೆಕ್ಕವನ್ನು ಹೊದಿಕೆಯ ಮೇಲೆ ಅಚ್ಚುಹಾಕಿದರು, ವಿದ್ಯಾರ್ಥಿಯು ಡ್ರಮ್ಮರನ ಗೈರುಹಾಜರಿಯನ್ನು ಮೌಲ್ಯಮಾಪನದಲ್ಲಿ ಅನುಪಸ್ಥಿತಿಯ ಸೌಂದರ್ಯವೆಂದು ಬರೆದು ಮುಚ್ಚಿಡುತ್ತಾನೆ. ಫಿಲ್ಟರಿನಿಂದ ಹಾಕಿದ ಗೀರು ಅಂಕ ತರುತ್ತದೆ, ನಿಜವಾಗಿ ಬಿದ್ದ ಗೀರಿಗೆ ಕ್ಷಮೆ ಕೇಳಲಾಗುತ್ತದೆ. ಈ ವಿಪರ್ಯಾಸವೊಂದೇ ಇಡೀ ಶಾಸ್ತ್ರದಲ್ಲಿ ನಿಜವಾದ ದೋಷವೆಂದು ನಿರ್ಣಯಿಸತಕ್ಕದ್ದು.

ಇದರ ಪರಿಹಾರಾರ್ಥವಾಗಿ, ಅಂದು ಏನೇನು ಇರಲಿಲ್ಲ, ಇಲ್ಲದ್ದರಿಂದ ಏನು ಮಾಡಲಾಯಿತು ಎಂಬ ಪ್ರಶ್ನೆಯೊಂದನ್ನು ಮೌಲ್ಯಮಾಪನಕ್ಕೆ ಸೇರಿಸಬೇಕೆಂದು ಈ ಪ್ರಬಂಧವು ಸೂಚಿಸುತ್ತದೆ. ಸೂಚನೆಯು ಅಂಗೀಕೃತವಾದಲ್ಲಿ ಮೊದಲ ವರ್ಷ ಕೆಲವು ಪ್ರಾಮಾಣಿಕ ಉತ್ತರಗಳು ಬರುವವು. ಎರಡನೆಯ ವರ್ಷ ಆ ಉತ್ತರಗಳು ಮಾದರಿ ಉತ್ತರಗಳಾಗಿ ತರಗತಿಯಲ್ಲಿ ಹಂಚಲ್ಪಡುವವು. ಮೂರನೆಯ ವರ್ಷದಿಂದ ಸ್ಟೋರಿಬೋರ್ಡಿನಲ್ಲಿಯೇ ಬ್ಯಾಟರಿ ಮುಗಿಯುವ ಗಳಿಗೆಯನ್ನು ಗುರುತಿಸಲಾಗುವುದು, ಮುನಿಸಿಕೊಳ್ಳುವ ಡ್ರಮ್ಮರನ ಲಿಖಿತ ಸಮ್ಮತಿಯನ್ನು ಮುಂಗಡವಾಗಿ ಪಡೆಯಲಾಗುವುದು, ಮತ್ತು ಆತನು ಬಾರದಿರುವುದರಿಂದ ಉಂಟಾಗಬಹುದಾದ ಅಪಾಯಗಳಿಗೆ ರಿಸ್ಕ್ ಅಸೆಸ್‌ಮೆಂಟಿನಲ್ಲಿ ಪ್ರತ್ಯೇಕ ಕಲಮೊಂದನ್ನು ಸೇರಿಸಲಾಗುವುದು.