ಬೈಟು ಪ್ರಬಂಧ

(ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹತ್ತಿರದ ದರ್ಶಿನಿ. ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಪಿಎಚ್‌ಡಿ ಹುಡುಗ. ನಡುವೆ ಬೈಟು ಕಾಫಿ.)

ಹುಡುಗ: ರಿಸರ್ಚ್ ಪೇಪರ್ ಓದೋದೇ ಬೇಡ ಸಾರ್! ಯಾರ್‍ಯಾರು ಸೇರಿ ಬರೆದಿದ್ದಾರೆ ಅನ್ನೋ ಜಾಲ ನೋಡಿದ್ರೆ ಸಾಕು. ಐದು ವರ್ಷದ ಮೇಲೆ ಅದನ್ನ ತುಂಬಾ ಜನ ಉಲ್ಲೇಖಿಸ್ತಾರಾ ಇಲ್ವಾ ಅಂತ ಕಂಪ್ಯೂಟರ್ ಅಂದಾಜು ಮಾಡುತ್ತೆ. ಜ್ಯೂರಿಕ್‌ನ ಸಂಶೋಧಕರು 2014ರಲ್ಲೇ ತೋರಿಸಿದ್ದಾರೆ.

ಮೇಷ್ಟ್ರು: ಜಾತಕ ಅನ್ನು. ಗುರುಬಲ ಇದ್ರೆ ಆಯ್ತು.

ಹುಡುಗ: ವಿಜ್ಞಾನ ಸಾರ್ ಇದು!

ಮೇಷ್ಟ್ರು: 1928ರ ಮಾರ್ಚ್ 16ಕ್ಕೆ ರಾಮನ್ ಇದೇ ಬೆಂಗಳೂರಲ್ಲಿ ಹೊಸ ವಿಕಿರಣದ ಬಗ್ಗೆ ಭಾಷಣ ಮಾಡಿದ್ರು. ಅಚ್ಚಾದಾಗ ಲೇಖಕರು ಅವರೊಬ್ಬರೇ. ಫಲ ಹೇಳಪ್ಪ.

ಹುಡುಗ: ನೇಚರ್ ಪತ್ರಿಕೆಗೆ ಬರೆದಾಗ ಜೊತೆಗೆ ಶಿಷ್ಯ ಕೃಷ್ಣನ್ ಇದ್ರಲ್ಲ ಸಾರ್!

ಮೇಷ್ಟ್ರು: ಇದ್ರು. 1930ರ ನೊಬೆಲ್ ಮಾತ್ರ ಬೈಟು ಆಗ್ಲಿಲ್ಲ. ಹೋಗ್ಲಿ, ನಿನ್ನ ಜಾಲ ಹೇಗಿದೆ?

ಹುಡುಗ: ಭರ್ಜರಿ! ಗೈಡು, ಗೈಡಿನ ಗೈಡು, ಹೆಡ್ಡು, ಹೆಡ್ಡಿನ ಅಳಿಯ...

ಮೇಷ್ಟ್ರು: ಪ್ರಯೋಗ ಮಾಡಿದ್ದು?

ಹುಡುಗ: ನಾನು. ಏಳನೇ ಹೆಸರು.

ಮೇಷ್ಟ್ರು: ಕೊರಗಬೇಡ ಕಣಯ್ಯಾ. 2015ರಲ್ಲಿ ಹಿಗ್ಸ್ ಬೋಸಾನ್ ದ್ರವ್ಯರಾಶಿ ಅಳೆದ ಪೇಪರ್‌ಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು, ವಿಳಾಸ.

ಹುಡುಗ: ಆಹಾ, ಜಾಲ ಅಂದ್ರೆ ಅದು! ಆ ಕಣ ಇದೆ ಅಂತ ಮೊದಲು ಬರೆದವರು ಎಷ್ಟು ಜನ ಸಾರ್?

ಮೇಷ್ಟ್ರು: 1964ರ ಪೇಪರಾ? ಹಿಗ್ಸ್ ಒಬ್ಬರೇ.